ನೆರೆಯೂ ನೆರೆಹೊರೆಯೂ

ನಮ್ಮ ನುಡಿಯಲ್ಲಿ ‘ನೆರೆ’ ಎಂಬ ಒಂದೇ ಶಬ್ದಕ್ಕೆ ಎರಡರ್ಥಗಳುಂಟು. ಹೊಳೆಯು ದಡವನ್ನು ಮೀರಿ ಹರಿದರೆ ಅದು ನೆರೆ; ಬೇಲಿಯ ಆಚೆಯ ಮನೆಯೂ ನೆರೆ. ಇವೆರಡೂ ಒಂದೇ ಮೂಲದಿಂದ ಬಂದುವೋ ಬೇರೆ ಬೇರೆ ಮೂಲಗಳಿಂದ ಬಂದುವೋ ಎಂಬ ಚರ್ಚೆಯನ್ನು ಶಬ್ದಶಾಸ್ತ್ರಜ್ಞರಿಗೆ ಬಿಡೋಣ. ಕೊಡಗಿನಂತಹ ಬೆಟ್ಟದ ನಾಡಿನಲ್ಲಿ ಮೊದಲನೆಯ ನೆರೆಯ ವಿಚಾರವನ್ನು ಎರಡನೆಯ ನೆರೆಯ ವಿಚಾರದಿಂದ ಬೇರ್ಪಡಿಸಿ ನೋಡಲು ಸಾಧ್ಯವಿಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯ. ಮಳೆಯಿಂದ ಬಂದ ಆಪತ್ತಿನಲ್ಲಿ ದೈವದ ಪಾಲೆಷ್ಟು, ಮನುಷ್ಯನ ಪಾಲೆಷ್ಟು? ಮನುಷ್ಯನ ಪಾಲೊಂದಿದ್ದರೆ ಆ ಋಣವನ್ನು ಯಾರು ಯಾರಿಗೆ ತೀರಿಸತಕ್ಕದ್ದು? ಈ ಪ್ರಶ್ನೆಯು ಪಂಡಿತರ ಗೋಷ್ಠಿಗೆ ಮಾತ್ರ ಸಂಬಂಧಿಸಿದ್ದೆಂದು ವಾಚಕರು ಭಾವಿಸಬಾರದು. ಕಕ್ಕಡ ಮಾಸದ ರಾತ್ರಿಗಳಲ್ಲಿ ಮಳೆಯು ಮಾಡಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿರುವಾಗ, ಮನೆಯ ಹಿಂದಣ ಬರೆಯ ಕಡೆಗೆ ಕಿವಿಗೊಟ್ಟು ಮಲಗುವ ಪ್ರತಿಯೊಂದು ಸಂಸಾರದ ಪ್ರಶ್ನೆ ಇದು.

ಮೊದಲು ನಡೆದ ಸಂಗತಿಗಳನ್ನು ನೆನೆಯೋಣ. 2018ನೆಯ ಇಸವಿಯಲ್ಲಿ ಮುಂಗಾರು ಮಳೆಯು ಜೂನ್ ತಿಂಗಳಿನಿಂದಲೇ ಬಲವಾಗಿ ಹಿಡಿದು, ಬೆಟ್ಟಗಳ ಮಣ್ಣು ನೀರನ್ನುಂಡು ತುಂಬಿಹೋಗಿತ್ತು. ಕಕ್ಕಡವು ಮುಗಿಯುತ್ತಿದ್ದ ಆಗಸ್ಟ್ ತಿಂಗಳ ನಡುವಣ ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ತೋಟ, ಮನೆ, ರಸ್ತೆಗಳೊಡನೆ ಜಾರಿ ಕೊಲ್ಲಿಗಳಿಗೆ ಬಿದ್ದುವು. ಕಂಡವರು ಅದನ್ನು ‘ಜಲಸ್ಫೋಟ’ವೆಂದು ಕರೆದರು, ಭೂಮಿಯ ಒಡಲಿನಿಂದಲೇ ನೀರು ಸಿಡಿದು ಬಂದಂತೆ ಅವರಿಗೆ ತೋರಿತು. ಮರುವರ್ಷ, 2019ರ ಆಗಸ್ಟಿನಲ್ಲಿ, ವಿರಾಜಪೇಟೆಯ ಕಡೆಯ ತೋರ ಗ್ರಾಮದಲ್ಲಿ ಬೆಟ್ಟವು ಕುಸಿದು ಸಂಸಾರಗಳು ಮಣ್ಣುಪಾಲಾದುವು. ಅದೇ ಕಾಲಕ್ಕೆ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಕಾವೇರಿಯು ದಡದ ಮನೆಗಳೊಳಗೆ ಹೊಕ್ಕಳು. 2020ರ ಆಗಸ್ಟ್ 6ರಂದು ತಲಕಾವೇರಿಯಲ್ಲಿಯೇ ಬೆಟ್ಟವು ಜಾರಿ, ಕ್ಷೇತ್ರದ ಅರ್ಚಕರ ಮನೆಯು ಅದರಡಿಯಲ್ಲಿ ಹುದುಗಿತು. ನಮ್ಮ ಗಡಿಗೆ ಹೊಂದಿದ ವಯನಾಡಿನಲ್ಲಿ 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಇನ್ನೂರಕ್ಕೂ ಹೆಚ್ಚು ಪ್ರಾಣಗಳೊಡನೆ ಹೋದುವು. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ನಾವು ಮೊದಲು ಆಡಿದ ಮಾತು ಒಂದೇ: “ದೈವೇಚ್ಛೆ; ಯಾರು ಏನು ಮಾಡಲಾಪರು?”

ಈ ಮಾತು ದುಃಖಿತರಿಗೆ ಸಾಂತ್ವನವಾದರೆ ಅದನ್ನು ಆಕ್ಷೇಪಿಸುವುದು ನಿರ್ದಯತೆ. ಆದರೆ ಅದು ನಿಜವೇ ಎಂದು ಪರೀಕ್ಷಿಸುವುದು ಬೇರೆ. ಪರೀಕ್ಷೆಗೆ ಇಂದು ನಮಗೆ ಜಲವಿಜ್ಞಾನವೆಂಬ ಶಾಸ್ತ್ರದ ನೆರವುಂಟು. ಬಿದ್ದ ಮಳೆಯು ಎಲ್ಲಿ ಇಂಗುವುದು, ಎಲ್ಲಿ ಹರಿಯುವುದು, ಎಷ್ಟು ಹೊತ್ತಿಗೆ ಹೊಳೆಯನ್ನು ಸೇರುವುದು ಎಂಬುದನ್ನು ಅಳೆದು ಹೇಳುವ ಶಾಸ್ತ್ರ ಅದು. ಅದರ ಲೆಕ್ಕದ ಒಂದು ಉದಾಹರಣೆಯನ್ನು ಕೊಡುವೆನು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೆ ಸ್ವಲ್ಪ ಮಿಕ್ಕ ನೀರು. ಒಂದು ದಿನದಲ್ಲಿ ಹತ್ತು ಇಂಚು ಸುರಿದರೆ ಒಂದೇ ಎಕರೆಗೆ ಹತ್ತು ಲಕ್ಷ ಲೀಟರು, ತೂಕದಲ್ಲಿ ಸಾವಿರ ಟನ್ನು. ಇಷ್ಟು ಭಾರವು ಬೆಟ್ಟದ ಮೇಲೆ ಬಿದ್ದಾಗ ಅದಕ್ಕೆ ಒಂದು ದಾರಿ ಬೇಕು. ಸ್ವಲ್ಪಭಾಗವು ತೋಡುಗಳಲ್ಲಿ ಹರಿಯುವುದು. ಮಿಕ್ಕುದು ಮಣ್ಣಿನೊಳಗಿಳಿದು, ಕೆಳಗಣ ಬಂಡೆಯನ್ನು ಮುಟ್ಟಿ, ಬಂಡೆಗೂ ಮಣ್ಣಿಗೂ ನಡುವೆ ಮೆಲ್ಲಮೆಲ್ಲನೆ ಜಿನುಗಿ ಒರತೆಯಾಗಿ ಹೊರಡುವುದು. ಆ ದಾರಿ ಕಟ್ಟಿಹೋದರೆ ನೀರು ಒಳಗೇ ಒತ್ತಡವನ್ನು ಬೆಳೆಸಿ, ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸುವುದು. ಇಂತಹ ಸ್ಥಿತಿಯಲ್ಲಿ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಕಡಿದು ತೆಗೆದಿದ್ದರೆ, ಮೇಲಣ ಮಣ್ಣಿಗೆ ಊರುಗೋಲನ್ನು ಕಿತ್ತಂತಾಗುವುದು. 2018ರ ಅನಂತರ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು, ಅತಿವೃಷ್ಟಿಯೊಡನೆ, ಇಳಿಜಾರುಗಳನ್ನು ಕ್ರಮವಿಲ್ಲದೆ ಕಡಿದುದನ್ನೂ ನೀರಿನ ಸಹಜಮಾರ್ಗವನ್ನು ಕೆಡಿಸಿದುದನ್ನೂ ಕಾರಣಗಳಾಗಿ ಎಣಿಸಿದ್ದಾರೆ. ಉತ್ತರ ಕನ್ನಡದ ಘಟ್ಟಗಳಲ್ಲಿ ಜಲವಿಜ್ಞಾನಿಗಳು ಮಣ್ಣು ನೀರನ್ನು ಕುಡಿಯುವ ವೇಗವನ್ನು ಅಳೆದು, ಸಹಜವಾದ ಕಾಡಿನ ಮಣ್ಣು ಕೆಟ್ಟುಹೋದ ನೆಲಕ್ಕಿಂತ ಬಹಳ ಹೆಚ್ಚು ನೀರನ್ನು ಒಳಗೊಳ್ಳುವುದೆಂದು ತೋರಿಸಿದ್ದಾರೆ. ಕಾಡು ಬೋಳಾದಲ್ಲಿ ಅದೇ ಮಳೆ ಬೇಗನೆ ಹೊಳೆಗಿಳಿದು ನೆರೆಯಾಗುವುದು.

ಇಲ್ಲಿ ಒಂದು ಶಂಕೆ. “ನೂರು ವರ್ಷಕ್ಕೊಮ್ಮೆ ಬರತಕ್ಕ ಮಳೆ ಬಂದಿತು, ಅದಕ್ಕೆ ಯಾರು ಸಿದ್ಧರಾಗಿರಬಲ್ಲರು?” ಎಂದು ಕೇಳುವವರುಂಟು. ‘ನೂರು ವರ್ಷದ ನೆರೆ’ ಎಂಬ ಪದವನ್ನು ನಾವು ತಪ್ಪಾಗಿ ತಿಳಿದಿದ್ದೇವೆ. ಒಂದು ಸಲ ಬಂದರೆ ಮುಂದಣ ನೂರು ವರ್ಷ ನೆಮ್ಮದಿಯೆಂದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವ ನೂರರಲ್ಲಿ ಒಂದು ಎಂದು ಮಾತ್ರ ಅರ್ಥ. ಹೀಗಾದರೆ, ಮೂವತ್ತು ವರ್ಷ ಬಾಳಿಕೆಗೆಂದು ಕಟ್ಟಿದ ಮನೆಯು ಅಂತಹ ನೆರೆಯನ್ನು ಒಮ್ಮೆಯಾದರೂ ಕಾಣುವ ಸಂಭವ ನೂರರಲ್ಲಿ ಸುಮಾರು 26. ಎಪ್ಪತ್ತು ವರ್ಷ ಬದುಕಿದ ಮನುಷ್ಯನು ಅದನ್ನು ಕಾಣುವ ಸಂಭವ ನೂರರಲ್ಲಿ 50. ಎಂದರೆ ನಾಣ್ಯವನ್ನು ಚಿಮ್ಮಿ ನೋಡಿದಷ್ಟೇ! ನಮ್ಮ ಅಜ್ಜಂದಿರು 1924ರ ಮಹಾನೆರೆಯನ್ನು ಕಂಡವರು. ಅವರ ಮಾತನ್ನು ಕೇಳಿ ಬೆಳೆದ ನಾವು ಅದನ್ನು ಪುರಾಣವೆಂದು ಎಣಿಸಿದೆವು. ಮೇಲಾಗಿ ಈ ಲೆಕ್ಕವೆಲ್ಲ ಹಿಂದಿನ ಮಳೆಯಂತೆಯೇ ಮುಂದಿನ ಮಳೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯೇ ಈಗ ಅಲುಗುತ್ತಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿಯಬಲ್ಲ ನೀರಾವಿಯು ನೂರಕ್ಕೆ ಏಳರಷ್ಟು ಹೆಚ್ಚುವುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಮಡಿಯಾಗಿವೆ. ಬುತ್ತಿ ಕಟ್ಟುವ ಮೊದಲೇ ಪಯಣದ ದೂರವು ಬದಲಾದಂತೆ ನಮ್ಮ ಸ್ಥಿತಿ.

ಈಗ ಶಾಸ್ತ್ರವಿಚಾರಕ್ಕೆ ಬರೋಣ. ದೈವ ಮತ್ತು ಪುರುಷಕಾರ, ಇವುಗಳಲ್ಲಿ ಯಾವುದು ಬಲವತ್ತರ ಎಂಬ ವಾದವು ನಮ್ಮವರಿಗೆ ಹೊಸತಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ದೈವಕ್ಕೆ ಹೇಳಿರುವ ಲಕ್ಷಣವು ಮನನೀಯವಾದುದು: ಹಿಂದಿನ ದೇಹದಲ್ಲಿ ಮಾಡಿದ ಪೌರುಷವೇ ಈಗ ದೈವವಾಗಿ ತೋರುವುದೆಂದು ಅದರ ಅಭಿಪ್ರಾಯ. ಇದನ್ನು ಬೆಟ್ಟಕ್ಕೆ ಅನ್ವಯಿಸಿ ನೋಡಿರಿ. ತಂದೆಯ ಕಾಲದಲ್ಲಿ ಕಡಿದ ಮರದ ಬೇರು ನೆಲದೊಳಗೆ ಕೊಳೆತು ಸತ್ತ್ವಗುಂದಲು ವರ್ಷಗಳು ಹಿಡಿಯುವುವು. ಅಂದು ಮುಚ್ಚಿದ ತೋಡಿನ ನೀರು ದಾರಿಯನ್ನು ಅರಸುತ್ತ ಕಾದಿರುವುದು. ಮಗನ ಕಾಲಕ್ಕೆ ಗುಡ್ಡ ಜಾರಿದಾಗ ಕಾರಣವು ಕಣ್ಣಿಗೆ ಕಾಣದಿರುವುದರಿಂದ ಅದು ದೈವವೆನಿಸುವುದು. ಹಿಂದಿನ ತಲೆಯ ಪೌರುಷವು ಇಂದಿನ ತಲೆಗೆ ದೈವ. ಇಂದು ನಾವು ಮಾಡುವ ಪೌರುಷವು ಮೊಮ್ಮಕ್ಕಳಿಗೆ ದೈವ. ಹೀಗೆ ತಿಳಿದಲ್ಲಿ ‘ದೈವೇಚ್ಛೆ’ಯೆಂಬ ಮಾತು ನಮ್ಮನ್ನು ಹೊಣೆಯಿಂದ ಬಿಡಿಸುವುದಿಲ್ಲ, ಹೊಣೆಗೆ ಕಟ್ಟಿಹಾಕುವುದು.

ಧರ್ಮಶಾಸ್ತ್ರವು ಪ್ರಾಯಶ್ಚಿತ್ತವನ್ನು ವಿಧಿಸುವಾಗ ತಿಳಿದು ಮಾಡಿದ ಪಾಪವನ್ನೂ ತಿಳಿಯದೆ ಮಾಡಿದ ಪಾಪವನ್ನೂ ಬೇರೆ ಬೇರೆಯಾಗಿ ಎಣಿಸಿದೆ. ಇವೆರಡರ ನಡುವೆ ಮೂರನೆಯದೊಂದಿದೆ: ತಿಳಿಯಬಹುದಾಗಿದ್ದೂ ತಿಳಿಯದೆ ಉಳಿದುದು. ಜಲವಿಜ್ಞಾನವು ಬೆಳೆದಂತೆಲ್ಲ ಈ ಮೂರನೆಯ ವರ್ಗವೇ ಬೆಳೆಯುತ್ತದೆ. ಯಾವ ಇಳಿಜಾರು ಕುಸಿಯಲು ಸುಲಭವೆಂಬ ನಕ್ಷೆಯನ್ನು ಭೂವಿಜ್ಞಾನಿಗಳು ಬರೆದಿದ್ದಾರೆ. ನಾಳೆಯ ಮಳೆಯ ಮುನ್ಸೂಚನೆಯು ಇಂದೇ ಕೈಯಲ್ಲಿರುವ ಯಂತ್ರಕ್ಕೆ ಬರುತ್ತದೆ. ನಮ್ಮ ಕಾಫಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಅಂಗಳದ ಮಳೆಮಾಪಕವನ್ನು ಪ್ರತಿ ಬೆಳಿಗ್ಗೆ ನೋಡಿ, ಇಂಚು ಸೆಂಟುಗಳಲ್ಲಿ ಬರೆದಿಡುವ ಪದ್ಧತಿಯುಂಟು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಈ ಲೆಕ್ಕಗಳನ್ನು ಕೂಡಿಸಿ ಅಭ್ಯಸಿಸಿದ್ದಾರೆ. ಇಷ್ಟಿದ್ದೂ “ತಿಳಿದಿರಲಿಲ್ಲ” ಎನ್ನುವವನು ನಿಜವನ್ನೇ ಹೇಳುತ್ತಿರಬಹುದು, ನಿರ್ದೋಷಿಯೆನಿಸಲಾರನು.

ಪರೋಪದೇಶವು ಸುಲಭವಾದುದರಿಂದ, ಈ ಲೇಖಕನು ತನ್ನದೇ ಒಂದು ವೃತ್ತಾಂತವನ್ನು ಇಲ್ಲಿ ಹೇಳಿಕೊಳ್ಳುವುದು ನ್ಯಾಯ. 2014ರಲ್ಲಿ, ನಿವೃತ್ತಿಯ ಕಾಲಕ್ಕೆ ಅನುಕೂಲವಾಗಲೆಂದು, ಮನೆಯ ಹಿಂದೆ ಎರಡು ಕೋಣೆಗಳನ್ನು ಕಟ್ಟಿಸಲು ನಾನು ಗುಡ್ಡವನ್ನು ಹನ್ನೆರಡು ಅಡಿಗಳಷ್ಟು ಕಡಿಸಿದೆನು. ಜೆಸಿಬಿ ಯಂತ್ರಕ್ಕೆ ಅದು ಎರಡು ದಿನದ ಕೆಲಸ. ಕಡಿದ ಮಣ್ಣನ್ನು ಪಕ್ಕದ ಸಣ್ಣ ತೋಡಿನ ತಲೆಯ ಮೇಲೆ ತಳ್ಳಲಾಯಿತು. ಬೇಸಗೆಯಾದುದರಿಂದ ಅಲ್ಲಿ ನೀರಿರಲಿಲ್ಲ. ಕೆಲಸಕ್ಕೆ ಬಂದಿದ್ದ ಮುದುಕನೊಬ್ಬನು, “ಮೇಷ್ಟ್ರೇ, ಅದು ನೀರಿನ ದಾರಿ” ಎಂದನು. “ಒಂದು ಮೋರಿ ಹಾಕಿಸಿದರಾಯಿತು” ಎಂದು ಹೇಳಿ ನಾನು ಒಳಗೆ ಹೋದೆನು. ಮೋರಿಯನ್ನು ಹಾಕಿಸಲಿಲ್ಲ. ನಾಲ್ಕು ಮಳೆಗಾಲಗಳು ಏನೂ ಆಗದೆ ಕಳೆದುವು. 2018ರ ಆಗಸ್ಟ್ 16ರ ರಾತ್ರಿ ಬರೆಯು ಕುಸಿಯಿತು. ನನ್ನ ಕೋಣೆಗಳ ಗೋಡೆಯನ್ನು ಸವರಿಕೊಂಡು, ಕಟ್ಟಿಹೋಗಿದ್ದ ನೀರಿನೊಡನೆ ಮಣ್ಣೆಲ್ಲ ಕೆಳಗಿಳಿದು, ನೆರೆಮನೆಯ ವೃದ್ಧೆಯ ಗದ್ದೆಯ ಮೇಲೆ ಹರಡಿತು. ನಾಟಿ ಮುಗಿದು ಕೆಲವೇ ದಿನಗಳಾಗಿದ್ದ ಗದ್ದೆ. ಬೆಳಿಗ್ಗೆ ನಾನು ಹೋಗಿ ನಿಂತಾಗ ಆಕೆ ಏರಿಯ ಮೇಲೆ ಕುಳಿತು, “ದೇವರ ಮಳೆ, ಮೇಷ್ಟ್ರೇ, ಅದಕ್ಕೆ ನೀವೇನು ಮಾಡ್ತೀರಿ?” ಎಂದರು. “ಹೌದಮ್ಮಾ” ಎಂದೆನು.

ಆ ‘ಹೌದು’ ಎಂಬುದು ನನ್ನನ್ನು ಬಹುಕಾಲ ಬಾಧಿಸಿತು. ಆಕೆಯ ಬಾಯಲ್ಲಿ ಅದು ಕ್ಷಮೆ. ನನ್ನ ಬಾಯಲ್ಲಿ ಅದೇ ಮಾತು ಅಸತ್ಯ. ಆಕೆ ದೈವದ ಮೇಲೆ ಹೊರಿಸಿದುದನ್ನು ನಾನು ಸುಮ್ಮನೆ ದೈವದ ಮೇಲೆಯೇ ಬಿಟ್ಟೆನು. ನಷ್ಟಕ್ಕೊಳಗಾದವನು ದೈವವನ್ನು ನೆನೆದರೆ ಅದು ಸಹನೆ. ನಷ್ಟಕ್ಕೆ ಕಾರಣನಾದವನು ನೆನೆದರೆ ಅದು ಪಲಾಯನ.

ಇದಕ್ಕೆ ಪೂರ್ವಪಕ್ಷಗಳಿಲ್ಲದೆ ಇಲ್ಲ. ಮೊದಲನೆಯದು: ಯಾರೂ ಕಡಿಯದ, ಕಾಡಿರುವ ಬೆಟ್ಟಗಳೂ ಕುಸಿದಿವೆಯಲ್ಲ? ಅಹುದು, ಕುಸಿದಿವೆ. ಘಟ್ಟಗಳ ಆಕಾರವೇ ಮಳೆಯ ಕೆತ್ತನೆ. ಮನುಷ್ಯನಿಲ್ಲದಿದ್ದರೂ ಬೆಟ್ಟ ಜಾರುವುದು. ಆದರೆ ರೋಗವಿಲ್ಲದವನೂ ಒಂದು ದಿನ ಸಾಯುವನೆಂಬುದರಿಂದ ವಿಷವಿಕ್ಕಿದವನ ದೋಷವು ಪರಿಹಾರವಾಗುವುದಿಲ್ಲ. ಎರಡನೆಯದು: ವಿಜ್ಞಾನವು ಹೇಳುವುದು ಸಂಭವವನ್ನು ಮಾತ್ರ, ನಿಶ್ಚಯವನ್ನಲ್ಲ, ಅನಿಶ್ಚಿತವಾದುದಕ್ಕಾಗಿ ಮನೆಮಠ ಬಿಡಬೇಕೇ? ಕೃಷಿಕನಿಗೆ ಈ ಪ್ರಶ್ನೆಯನ್ನು ಕೇಳತಕ್ಕದ್ದಿಲ್ಲ. ನಿಶ್ಚಯವಿಲ್ಲದ ಮಳೆಯನ್ನು ನಂಬಿ ಬಿತ್ತುವವರು ನಾವು. ಲಾಭದ ಸಂಭವವನ್ನು ನಂಬುವವನು ಹಾನಿಯ ಸಂಭವವನ್ನು ಮಾತ್ರ ನಂಬೆನೆಂಬುದು ನ್ಯಾಯವಲ್ಲ.

ಮೂರನೆಯ ಪೂರ್ವಪಕ್ಷವು ಗಟ್ಟಿಯಾದುದು. ಅಪಾಯದ ಸ್ಥಳದಲ್ಲಿ ಮನೆ ಕಟ್ಟಿದವರದೇ ತಪ್ಪಲ್ಲವೇ, ಎಂದು ಕೆಲವರು ಕೇಳುವರು. ಹೊಳೆಯ ದಡದಲ್ಲಿ ಮೂರು ಸೆಂಟು ಜಾಗದಲ್ಲಿ ಗುಡಿಸಲು ಹಾಕಿದವನು ಅದನ್ನು ಆರಿಸಿಕೊಂಡನೆಂದು ಹೇಳಲಾಗದು. ತೋಟದ ಲೈನ್ ಮನೆಯಿಂದ ವಯಸ್ಸಾದ ಮೇಲೆ ಹೊರಬಂದ ಕೂಲಿಗೆ ಬೇರೆಲ್ಲಿಯೂ ಅಂಗೈಯಗಲ ನೆಲವಿಲ್ಲದುದರಿಂದ ಅವನು ಅಲ್ಲಿಗೆ ಬಂದನು. ನೋಟವನ್ನು ಬಯಸಿ ಗುಡ್ಡದ ಅಂಚಿನಲ್ಲಿ ವಿಶ್ರಾಂತಿಗೃಹವನ್ನು ಕಟ್ಟಿದವನು ಬೇರೆ, ನೆಲೆಯಿಲ್ಲದೆ ದಡವನ್ನು ಹಿಡಿದವನು ಬೇರೆ. ಇಬ್ಬರಿಗೂ ಒಂದೇ ನೋಟೀಸನ್ನು ಅಂಟಿಸುವುದು ಸಮತೆಯಂತೆ ಕಂಡರೂ ಧರ್ಮವಲ್ಲ. 2018ರ ಅನಂತರ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗೆ ಮನೆಗಳನ್ನು ಕಟ್ಟಿಕೊಟ್ಟುದು ಯೋಗ್ಯವಾದ ಕಾರ್ಯ. ಆದರೆ ಕುಸಿದ ಮೇಲೆ ಕೊಡುವ ಮನೆಗಿಂತ ಕುಸಿಯುವ ಮೊದಲು ಕೊಡುವ ನೆಲವು ಅಗ್ಗವೂ ಶ್ರೇಯಸ್ಕರವೂ ಆದುದು. ಬಿಟ್ಟುಹೋಗೆಂದು ಹೇಳುವ ಅಧಿಕಾರವು, ಹೋಗುವುದಕ್ಕೆ ಒಂದು ಸ್ಥಳವನ್ನು ತೋರಿಸಿದವನಿಗೆ ಮಾತ್ರ ಉಂಟು.

ಹಾಗಾದರೆ ಈ ಋಣದ ನಿಯಮವೇನು? ಅದನ್ನು ಹೊರಗಿನಿಂದ ತರಬೇಕಾದುದಿಲ್ಲ. ಕೊಡಗಿನ ಹಳೆಯ ಭೂಹಿಡುವಳಿಯ ಪದ್ಧತಿಯಲ್ಲಿಯೇ ಅದು ಅಡಗಿದೆ. ಜಮ್ಮಾ ಹಿಡುವಳಿಯಲ್ಲಿ ಗದ್ದೆಗೆ ಕಂದಾಯ. ಅದಕ್ಕೆ ಹೊಂದಿದ ಬಾಣೆಗೆ ಕಂದಾಯವಿರಲಿಲ್ಲ. ಏಕೆಂದರೆ ಬಾಣೆಯನ್ನು ಬಿಟ್ಟುದು ಗದ್ದೆಗೆ ಬೇಕಾದ ಸೊಪ್ಪುಗೊಬ್ಬರ, ದನಗಳ ಮೇವು, ಮನೆಯ ಸೌದೆ, ಮರಮುಟ್ಟುಗಳಿಗಾಗಿ. ಮೀಮಾಂಸಕರ ಭಾಷೆಯಲ್ಲಿ ಹೇಳುವುದಾದರೆ ಗದ್ದೆಯು ಅಂಗಿ, ಬಾಣೆಯು ಅದರ ಅಂಗ. ಮೇಲಿನ ನೆಲವು ಕೆಳಗಣ ನೆಲಕ್ಕಾಗಿ ಇರತಕ್ಕದ್ದು! ಕಾಫಿಯೂ ಕರಿಮೆಣಸೂ ಬಂದ ಮೇಲೆ, ತರುವಾಯ ಪ್ರವಾಸಿಗಳು ಬಂದ ಮೇಲೆ, ಬಾಣೆಯೇ ಧನವಾಗಿ ಗದ್ದೆಯು ಹಾಳುಬಿದ್ದಿತು. ಮಳೆಗಾಲದಲ್ಲಿ ನೀರನ್ನು ಕಟ್ಟಿ ನಿಲ್ಲಿಸಿ ಮೆಲ್ಲನೆ ಬಿಡುತ್ತಿದ್ದ ಗದ್ದೆಗಳೂ, ಬಾಣೆಯ ಮೇಲಣ ನೆರಳಿನ ಮರಗಳೂ ಕಡಿಮೆಯಾದುವು. ಕೊಡಗಿನಲ್ಲಿ 1214 ದೇವರಕಾಡುಗಳೆಂದು ಲೆಕ್ಕವಿದೆ; ಅವುಗಳಲ್ಲಿ ಎಷ್ಟೋ ಕಾಡುಗಳ ಅಂಚು ವರ್ಷವರ್ಷಕ್ಕೂ ಒಳಸರಿದಿದೆ. ಅಂಗಾಂಗಿಭಾವವು ತಲೆಕೆಳಗಾದುದರ ಫಲವನ್ನು ಮೊದಲು ಉಣ್ಣುವವನು ಕೆಳಗಿನವನು.

ಈ ನ್ಯಾಯವು ನಮ್ಮ ಗ್ರಾಮಕ್ಕೇ ಮುಗಿಯುವುದಿಲ್ಲ. ಕಾವೇರಿಯ ನೀರಿನ ಪಾಲಿಗಾಗಿ 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳಾದುವು. 1990ರಲ್ಲಿ ನ್ಯಾಯಮಂಡಲಿ ಏರ್ಪಟ್ಟಿತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲು 284.75 ಟಿಎಂಸಿ ಎಂದು ಕಾಲುಭಾಗದ ಲೆಕ್ಕದವರೆಗೆ ನಿರ್ಣಯಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ನೆರೆ ಬಂದಿತು. ನೀರಿನ ಪಾಲನ್ನು ಕೇಳಲು ಎಲ್ಲರೂ ಬಂದರು. ನೆರೆಯ ಪಾಲನ್ನು ಹೊತ್ತುಕೊಳ್ಳಲು ಯಾವ ಒಪ್ಪಂದವೂ ಇಲ್ಲ. ಹಾರಂಗಿಯ ಜಲಾಶಯವನ್ನೇ ನೋಡಿರಿ. ಅದರ ಧಾರಣಶಕ್ತಿ ಸುಮಾರು 8.5 ಟಿಎಂಸಿ. ಬೇಸಗೆಯ ಬೆಳೆಯನ್ನು ನೆನೆದು ಬೇಗನೆ ತುಂಬಿಸಿದರೆ ಮಹಾಮಳೆಗೆ ಅಲ್ಲಿ ಎಡೆಯಿರದು, ಕುಶಾಲನಗರದ ತಗ್ಗಿನ ಬೀದಿಗಳಿಗೆ ಅಪಾಯ; ನೆರೆಗೆಂದು ತೆರವಿಟ್ಟು ಮಳೆ ಕೈಕೊಟ್ಟರೆ ರೈತನಿಗೆ ನಷ್ಟ. ಇಲ್ಲಿ ಒಬ್ಬರ ಕ್ಷೇಮವು ಇನ್ನೊಬ್ಬರ ತ್ಯಾಗವನ್ನು ಬೇಡುವುದು. ಎಷ್ಟು ತೆರವಿಡಬೇಕೆಂಬುದನ್ನು ಎಂಜಿನಿಯರನ ಲೆಕ್ಕವು ತೋರಿಸೀತು. ಯಾರು ಎಷ್ಟು ತ್ಯಜಿಸಬೇಕೆಂಬುದನ್ನು ಲೆಕ್ಕವು ತೋರಿಸದು.

1909ರಲ್ಲಿ ಮೈಸೂರಿನಿಂದ ಪಂಡಿತ ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಸಂಬಂಧವಾದ ಎರಡು ವಿಧಿಗಳುಂಟು. ಮಳೆಗಾಲದಲ್ಲಿ ಹೊಳೆಯ ಬಳಿಯ ಗ್ರಾಮದವರು ನೆರೆಯ ಮಟ್ಟದಿಂದ ದೂರವಾಗಿ ವಾಸಿಸತಕ್ಕದ್ದು ಎಂಬುದು ಒಂದು. ತನ್ನ ನೀರಿನಿಂದ ಪರರ ಕ್ಷೇತ್ರಕ್ಕೆ ಹಾನಿಯಾದರೆ ಹಾನಿಗೆ ತಕ್ಕ ಪರಿಹಾರವನ್ನು ಕೊಡತಕ್ಕದ್ದು ಎಂಬುದು ಮತ್ತೊಂದು. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು, ಎರಡನೆಯದು ನೆರೆಹೊರೆಗೆ ಸಂಬಂಧಿಸಿದ್ದು. ಮಳೆಯನ್ನು ಸುರಿಸುವವನು ಮನುಷ್ಯನಲ್ಲ. ಆದರೆ ನನ್ನ ಮಾಡಿನಿಂದ, ನನ್ನ ಬರೆಯಿಂದ, ನನ್ನ ತೋಡಿನಿಂದ ಹೊರಟ ಕೂಡಲೆ ಅದು ನನ್ನ ನೀರು.

2024ರ ವಯನಾಡಿನ ವಾರ್ತೆಯನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಒಂದು ಸಂಜೆ ನೆರೆಮನೆಗೆ ಹೋಗಿ, ಮಣ್ಣನ್ನು ಎಲ್ಲಿ ಹಾಕಿಸಿದೆನೆಂಬುದನ್ನೂ, ಮುದುಕನು ಹೇಳಿದುದನ್ನೂ, ಮೋರಿಯ ವಿಚಾರವನ್ನೂ ಬಿಡದೆ ಹೇಳಿದೆನು. ಆಕೆ ಸ್ವಲ್ಪ ಹೊತ್ತು ಎಲೆಯಡಿಕೆಯ ತಟ್ಟೆಯನ್ನು ನೋಡುತ್ತಿದ್ದು, “ಅದು ಹೋಗಲಿ. ಮುಂದಿನ ಮಳೆಗೆ ಮುಂಚೆ ಆ ತೋಡನ್ನು ಬಿಡಿಸಿಕೊಡಿ” ಎಂದರು. ಆ ಬೇಸಗೆಯಲ್ಲಿ ಮಣ್ಣನ್ನು ತೆಗೆಸಿ ತೋಡನ್ನು ಅದರ ಹಳೆಯ ದಾರಿಗೆ ಬಿಡಿಸಿದೆನು. ಬರೆಯನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಿ, ಬುಡಕ್ಕೆ ಕಲ್ಲು ಕಟ್ಟಿಸಿ, ನೀರು ಜಿನುಗಲು ಕಂಡಿಗಳನ್ನು ಬಿಡಿಸಿದೆನು. ಗದ್ದೆಯಲ್ಲಿ ತುಂಬಿದ ಮಣ್ಣನ್ನು ತೆಗೆಸುವ ಕೂಲಿಯನ್ನೂ ಕೊಟ್ಟೆನು. ಒಂದು ಮೂಲೆಯಲ್ಲಿ ಮಾತ್ರ ಮರಳು ಇನ್ನೂ ಉಳಿದಿದೆ. ಅಲ್ಲಿ ಪೈರು ಸರಿಯಾಗಿ ಏಳುವುದಿಲ್ಲ. ಆ ಮೂಲೆಯ ಭತ್ತವು ಎಷ್ಟಾಗುತ್ತಿತ್ತೆಂದು ಆಕೆಯನ್ನೇ ಕೇಳಿ ತಿಳಿದು, ಹುತ್ತರಿಯ ಕಾಲಕ್ಕೆ ಅಷ್ಟನ್ನು ಅಳೆಯಿಸಿ ಕಳುಹಿಸುತ್ತಿದ್ದೇನೆ.